ರೋಮ್ ನಗರದ ಎಮ್ಮೆ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನಮ್ಮದು ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಕಾಯಿ, ಪೂಜೆಗೆ ಸಾಂಬ್ರಾಣಿ, ಬಾಣಂತಿಗೆ ಖಾರದ ಸಾಮಾನು, ಕೆಮ್ಮಿಗೆ ಅತಿಮಧುರ, ಎಲ್ಲ ಅಲ್ಲಿ ಸಿಗುತ್ತಿತ್ತು. ಊರಿನ ವ್ಯಾಪಾರದ ಜೊತೆಗೆ ಕೊಣನೂರು, ಅರಕಲಗೂಡು, ಚನ್ನರಾಯಪಟ್ಟಣ, ಶಾಂತಿಗ್ರಾಮದ ಸಂತೆಗಳಿಗೂ ಗಾಡಿ ಕಟ್ಟುತ್ತಿದ್ದೆವು.

ಅಂಗಡಿಯಲ್ಲಿ ‘ಇಲ್ಲ’ ಎನ್ನುವ ಮಾತು ಬಾಯಿಗೆ ಬರಬಾರದು. ಅಪ್ಪಾಜಿ ನನಗೆ ಕಲಿಸಿದ ಮೊದಲ ಪಾಠ ಇದು. ಪಂಡಿತರು ಅತಿವಿಷದ ಬೇರು ಕೇಳಿ, ನಮ್ಮಲ್ಲಿ ಅದು ಮುಗಿದಿದ್ದರೆ ಭದ್ರಮುಷ್ಟಿ ಕೊಡಬೇಕು. ಹಿಪ್ಪಲಿ ಮುಗಿದಿದ್ದರೆ ಮೆಣಸು. ಯಾವುದಕ್ಕೆ ಯಾವುದು ಬದಲಿ ಎನ್ನುವುದು ಹಿರಿಯರಿಂದ ಬಂದದ್ದು. ಆದರೆ ಬದಲಿ ಸಾಮಾನಿನ ಪೊಟ್ಟಣಕ್ಕೆ ಬಾಳೆನಾರಿನಲ್ಲಿ ಎರಡು ಗಂಟು ಹಾಕಬೇಕು. ಅಸಲು ಸಾಮಾನಿಗೆ ಒಂದು, ಬದಲಿಗೆ ಎರಡು. ಪೊಟ್ಟಣ ಬಿಚ್ಚುವವನ ಬೆರಳಿಗೇ ಅದು ತಿಳಿಯಬೇಕು.

“ಬದಲಿ ಕೊಡೋದು ತಪ್ಪಲ್ಲ ಕಣ್ಲಾ. ಅದನ್ನ ಅಸಲು ಅಂತ ಕೊಡೋದು ತಪ್ಪು,” ಎನ್ನುತ್ತಿದ್ದರು ಅಪ್ಪಾಜಿ.

ನಾನು ಮಿಡ್ಲ್ ಸ್ಕೂಲಿನ ಎರಡನೇ ತರಗತಿಯ ಅರ್ಧದಲ್ಲಿ ಓದು ಬಿಟ್ಟೆ. ಗಾಡಿಯಿಂದ ಬಿದ್ದು ಅಪ್ಪಾಜಿಯ ಮಂಡಿ ಊದಿಕೊಂಡಿತ್ತು. ಸಂತೆಗೆ ಹೋಗಲು ಇನ್ನೊಂದು ಜೊತೆ ಕಾಲು ಬೇಕಾಗಿತ್ತು. ಬಿಟ್ಟಿದ್ದಕ್ಕೆ ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ಇಂಗ್ಲಿಷ್ ಒಂದು ಮಾತ್ರ ಅರ್ಧ ತಿಂದ ತಿಂಡಿಯ ಹಾಗೆ ನಾಲಿಗೆಯ ಮೇಲೆ ಉಳಿಯಿತು. ನಾಮಪದ, ಕ್ರಿಯಾಪದ ಗೊತ್ತಿತ್ತು. ಪೊಟ್ಟಣ ಕಟ್ಟಲು ತರುವ ಹಳೇ ಪೇಪರುಗಳಲ್ಲಿ ಒಂದೊಂದು ಪದ ಹಿಡಿದು ಓದುತ್ತಿದ್ದೆ. ಅಷ್ಟರಿಂದಲೇ ಬೀದಿಯಲ್ಲಿ ನನಗೆ ‘ಇಂಗ್ಲಿಷ್ ಬಲ್ಲವನು’ ಎಂಬ ಹೆಸರು ಬಂದಿತ್ತು. ಯಾರಿಗಾದರೂ ತಂತಿ ಬಂದರೆ ಮೊದಲು ನನ್ನ ಬಳಿ ತರುತ್ತಿದ್ದರು. ಅರ್ಥವಾದಷ್ಟು ಹೇಳಿ, ಉಳಿದದ್ದನ್ನು ಅವರ ಮುಖ ನೋಡಿ ಹೇಳುತ್ತಿದ್ದೆ.

ನನ್ನ ತಂಗಿ ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಅವಳನ್ನು ಓದಿಸಿದ್ದು ಅಪ್ಪಾಜಿಯ ಹಟ. ಮಿಡ್ಲ್ ಸ್ಕೂಲಿನ ಕೊನೆಯ ತರಗತಿಗೆ ಬಂದಾಗ ಅವಳ ಜೊತೆ ಇನ್ನೊಬ್ಬಳೇ ಹುಡುಗಿ ಇದ್ದಳು, ತಾಲ್ಲೂಕು ಕಚೇರಿಯ ಗುಮಾಸ್ತರ ಮಗಳು. ಇಬ್ಬರನ್ನೂ ಬಾಗಿಲ ಪಕ್ಕದ ಬೇರೆ ಬೆಂಚಿನಲ್ಲಿ ಕೂರಿಸುತ್ತಿದ್ದರು. ಹೆಡ್‌ಮೇಷ್ಟ್ರೇ ಇಂಗ್ಲಿಷ್ ತೆಗೆದುಕೊಳ್ಳುತ್ತಿದ್ದರು. ಪಾಠವನ್ನು ಒಂದು ಸಲ ಗಟ್ಟಿಯಾಗಿ ಓದಿ, “ಕಠಿಣ ಪದಗಳ ಅರ್ಥ ಮನೆಯಲ್ಲಿ ನೋಡಿಕೊಂಡು ಬನ್ನಿ,” ಎಂದು ಹೇಳಿ ಮುಗಿಸುವರು. ಬಾಗಿಲ ಬೆಂಚಿನಿಂದ ಎದ್ದು ಪ್ರಶ್ನೆ ಕೇಳುವ ಧೈರ್ಯ ಹೆಣ್ಣುಮಕ್ಕಳಿಗಿರಲಿಲ್ಲ. ನಮ್ಮ ಮನೆಯಲ್ಲಿ ಅರ್ಥ ನೋಡಿಕೊಳ್ಳಲು ಇದ್ದದ್ದು ನಾನು.

ಆ ವರ್ಷದ ರೀಡರು ಲೋಕದ ದೊಡ್ಡ ದೊಡ್ಡ ಊರುಗಳ ಚರಿತ್ರೆ. ಒಂದೊಂದು ಪಾಠಕ್ಕೆ ಒಂದೊಂದು ನಗರ. ಪಾಠದ ಕೆಳಗೆ ಪದಗಳ ಪಟ್ಟಿ, ಅದರ ಕೆಳಗೆ ವ್ಯಾಕರಣ. ಪುಸ್ತಕ ನಮಗೆ ಬಂದಾಗ ಆಗಲೇ ಇಬ್ಬರು ಹುಡುಗರು ಓದಿ ಬಿಟ್ಟಿದ್ದರು. ಚಿತ್ರದ ಹಾಳೆಗಳನ್ನೆಲ್ಲ ಯಾರೋ ಕಿತ್ತುಕೊಂಡಿದ್ದರು.

ತಂಗಿ ಸ್ಕೂಲು ಬಿಟ್ಟು ನೇರ ಅಂಗಡಿಗೆ ಬರುವಳು. ಆ ಹೊತ್ತಿಗೆ ನಾನು ಒಳಗೆ ಒಣಶುಂಠಿ ಕುಟ್ಟುತ್ತಿರುತ್ತಿದ್ದೆ. ಅವಳು ಗೋಣಿಚೀಲದ ಮೇಲೆ ಕೂತು ಅಳಲೆಕಾಯಿ ಆರಿಸುತ್ತ ಪಾಠ ಓದುವಳು. ಅಪ್ಪಾಜಿ ಹೊರಗೆ ಗಲ್ಲಾದ ಮುಂದೆ ಕಾಲು ನೀಡಿಕೊಂಡು ಕೇಳುವರು.

ಊರುಗಳ ಪಾಠದಿಂದ ಇಂಗ್ಲಿಷಿನ ಕ್ರಿಯಾಪದಗಳು ಎಷ್ಟು ಸಲೀಸಾಗಿ ಬಂದವೆಂದರೆ ಈಗಲೂ ಆಶ್ಚರ್ಯವಾಗುತ್ತದೆ. ಊರೆಂದ ಮೇಲೆ ಅದನ್ನು ಯಾರೋ ಕಟ್ಟಬೇಕು, ಇನ್ಯಾರೋ ಸುಡಬೇಕು, ಅದು ಬೀಳಬೇಕು, ಮತ್ತೆ ಏಳಬೇಕು. ಲಂಡನ್ನಾದರೂ ಅಷ್ಟೆ, ಅಥೆನ್ಸಾದರೂ ಅಷ್ಟೆ. ಒಂದೊಂದು ಕ್ರಿಯಾಪದಕ್ಕೆ ಮೂರು ರೂಪವಾದ್ದರಿಂದ ನಾವು ಅದನ್ನು ಒರಳಿಗೆ ಹೊಂದಿಸಿಕೊಂಡೆವು. ‘ಫಾಲ್’ ಎಂದು ಅವಳು ಹೇಳಿದರೆ ನಾನು ಒನಕೆ ಎತ್ತಿ ಒಂದೇಟು ಹಾಕುವುದು. ‘ಫೆಲ್’ ಎಂದರೆ ಎರಡನೇ ಏಟು. ‘ಫಾಲನ್’ ಎಂದರೆ ಮೂರನೆಯದು. ‘ರೈಸ್, ರೋಸ್, ರಿಸನ್.’ ರೂಪ ತಪ್ಪಿದರೆ ಏಟು ಹಾಕದೆ ಒನಕೆಯನ್ನು ಮೇಲೇ ಹಿಡಿದುಕೊಂಡು ನಿಲ್ಲುತ್ತಿದ್ದೆ. ಅವಳು ಸರಿಯಾದ ರೂಪ ಹೇಳುವವರೆಗೆ ಕೈ ನೋಯುತ್ತಿತ್ತು.

“ಬೇಗ ಹೇಳೇ, ತೋಳು ಬಿದ್ದೋಯ್ತದೆ.”

“ಇಳಿಸ್ಬುಡು. ನನ್ಗೇನು, ಶುಂಠಿ ನುಣ್ಣಗಾಗಲ್ಲ ಅಷ್ಟೆ.”

“ಲೇ, ಅಲ್ಲಿ ಶುಂಠಿ ಕುಟ್ತಿದ್ದೀರೋ ಊರು ಕುಟ್ತಿದ್ದೀರೋ?” ಎಂದು ಹೊರಗಿನಿಂದ ಅಪ್ಪಾಜಿ.

“ಲಂಡನ್ ಕುಟ್ತಾ ಇದೀವಿ ಅಪ್ಪಾಜಿ. ಸುಟ್ಟು ಆಗೋಯ್ತು, ಈಗ ಕಟ್ಟಬೇಕು,” ಎಂದು ಅವಳು.

ವ್ಯಾಕರಣ ಹೀಗೆ ನಡೆಯಿತು. ಅದರಲ್ಲಿ ನಾನು ಗಟ್ಟಿ. ತೊಂದರೆ ಇದ್ದದ್ದು ಪದಗಳಲ್ಲಿ. ಪಾಠದ ಹತ್ತು ಪದದಲ್ಲಿ ಆರು ನನಗೆ ಗೊತ್ತಿದ್ದರೆ ನಾಲ್ಕು ಗೊತ್ತಿರುತ್ತಿರಲಿಲ್ಲ. ಆದರೆ ಅವಳು ಮುಖವೆತ್ತಿ, “ಅಣ್ಣ, ಹಂಗಂದ್ರೇನು?” ಎಂದು ಕೇಳಿದಾಗ ‘ಗೊತ್ತಿಲ್ಲ’ ಎನ್ನುವುದು ನನ್ನಿಂದ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಆಡದ ಮಾತು ಅದು. ಮುಂದೆ ಹಿಂದೆ ಇದ್ದ ಪದಗಳನ್ನು ನೋಡಿ, ಅಲ್ಲಿಗೆ ಹೊಂದುವ ಒಂದು ಅರ್ಥ ತೆಗೆದು ಕೊಡುತ್ತಿದ್ದೆ. ಲಂಡನ್ನಿನ ಬೆಂಕಿ ಹೊತ್ತಿದ್ದು ಯಾರ ಅಂಗಡಿಯಲ್ಲಿ ಎಂಬ ಪದ ನನಗೆ ತಿಳಿಯಲಿಲ್ಲ. ಒಲೆಯ ಮಾತು ಇತ್ತು. ಪುರಿಭಟ್ಟಿಯವನ ಅಂಗಡಿ ಎಂದೆ. ವೆನಿಸ್ಸಿನ ಜನ ಓಡಾಡುವ ದೋಣಿಗೆ ಹರಿಗೋಲು ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ನಡೆಯುತ್ತಿತ್ತು. “ಬೀದೀಲೆಲ್ಲಾ ನೀರು ಯಾಕೆ ಬಂತಣ್ಣ?” ಎಂದು ಅವಳು ಕೇಳಿದಳು. ಆ ಭಾಗದ ವಾಕ್ಯ ನನಗೆ ಒಂದೂ ಅರ್ಥವಾಗಲಿಲ್ಲ. ಆ ಊರಿನವರಿಗೂ ಕಟ್ಟೆ ಕಾಯುವ ನೀರುಗಂಟಿಗೂ ಜಗಳವಾಯಿತು, ಅವನು ಸಿಟ್ಟಿಗೆದ್ದು ತೂಬು ಕಿತ್ತುಬಿಟ್ಟ, ಅವತ್ತಿನಿಂದ ನೀರು ಇಳಿದೇ ಇಲ್ಲ ಎಂದೆ. ಅವಳ ಕೈಯಲ್ಲಿದ್ದ ಅಳಲೆಕಾಯಿ ಹಾಗೇ ನಿಂತಿತು. ಅಷ್ಟು ಕಣ್ಣರಳಿಸಿ ಯಾರೂ ನನ್ನ ಮಾತು ಕೇಳಿದ್ದಿಲ್ಲ.

ರೋಮಿನ ಪಾಠದಲ್ಲಿ, ಆ ನಗರ ಕಟ್ಟಿದ ಅಣ್ಣತಮ್ಮಂದಿರನ್ನು ಕೂಸುಗಳಾಗಿದ್ದಾಗ ಹೊಳೆಗೆ ಬಿಟ್ಟಿರುತ್ತಾರೆ. ಯಾವುದೋ ಪ್ರಾಣಿ ಅವರಿಗೆ ಹಾಲು ಕೊಟ್ಟು ಸಾಕುತ್ತದೆ. ಪ್ರಾಣಿಯ ಹೆಸರು ನನಗೆ ತಿಳಿಯದು.

“ಎಮ್ಮೆ,” ಎಂದೆ.

“ಎಮ್ಮೆಗೆ ಬಫಲೋ ಅಂತಲ್ವೇನಣ್ಣ ನೀನು ಹೇಳ್ಕೊಟ್ಟಿದ್ದು?”

“ಅದು ಊರೆಮ್ಮೆ. ಇದು ಕಾಡೆಮ್ಮೆ. ನೀನು ಹೇಳೋವಾಗ ಬಫಲೋ ಅಂತ್ಲೇ ಹೇಳು, ಸಾಕು. ಎಮ್ಮೆ ಹಾಲು ಕುಡಿದಿದ್ದಕ್ಕೇ ಅವ್ರಿಗೆ ಆ ಮೈಕಟ್ಟು. ಏಳು ಗುಡ್ಡದ ಮೇಲೆ ಕಲ್ಲು ಹೊರೋದು ಅಂದ್ರೆ ಸುಮ್ಕೇನಾ?”

ಹೊರಗೆ ಅಪ್ಪಾಜಿ ಅದನ್ನು ಬಹಳ ಮೆಚ್ಚಿಕೊಂಡರು. ಮುಂದಿನ ಅರಕಲಗೂಡು ಸಂತೆಯಲ್ಲಿ ಬಾಣಂತಿ ಸಾಮಾನು ಕೊಳ್ಳಲು ಬಂದ ಮುದುಕಿಗೆ, “ಎಮ್ಮೆ ಹಾಲು ಕುಡಿಸಿ ತಾಯೀ. ಅದನ್ನ ಕುಡ್ದೇ ರೋಮು ಅನ್ನೋ ಊರು ಕಟ್ಟವ್ರೆ,” ಎಂದರು. ಆಮೇಲೆ ಕೊಣನೂರಿನಲ್ಲೂ ಹೇಳಿದರು, ಚನ್ನರಾಯಪಟ್ಟಣದಲ್ಲೂ ಹೇಳಿದರು. ಕೇಳಿದವರು ತಲೆದೂಗಿದರು. ನನಗೆ ಸ್ವಲ್ಪ ಅಳುಕು, ಸ್ವಲ್ಪ ಹೆಮ್ಮೆ.

ಮಿಡ್ಲ್ ಸ್ಕೂಲು ಮುಗಿದ ಮೇಲೆ ತಂಗಿ ಹಾಸನದ ಹೈಸ್ಕೂಲಿಗೆ ಹೋಗಬೇಕೆಂದಿದ್ದಳು. ನಮ್ಮ ಸೋದರಮಾವನ ಮನೆ ಅಲ್ಲಿತ್ತು. ಅವ್ವನಿಗೆ ಮನಸ್ಸಿರಲಿಲ್ಲ. ಅಪ್ಪಾಜಿ ನಡುವೆ ನಿಂತು, “ಹೆಡ್‌ಮೇಷ್ಟ್ರು ಕಳ್ಸಿ ಅಂದ್ರೆ ಕಳ್ಸನ. ಬ್ಯಾಡ ಅಂದ್ರೆ ಬ್ಯಾಡ,” ಎಂದುಬಿಟ್ಟರು. ಹೆಡ್‌ಮೇಷ್ಟ್ರು ಆ ಮಾತನ್ನು ಸ್ಕೂಲುಗಳ ಇನ್‌ಸ್ಪೆಕ್ಟರರ ಭೇಟಿಯವರೆಗೆ ಮುಂದಕ್ಕೆ ಹಾಕಿದರು. ಸಾಹೇಬರ ಮುಂದೆ ಹುಡುಗಿ ಇಂಗ್ಲಿಷ್ ಹೇಳಲಿ, ಅವರು ಒಪ್ಪಿದರೆ ನಾನೇ ಮುಂದೆ ನಿಂತು ಹಾಸನಕ್ಕೆ ಸೇರಿಸುತ್ತೇನೆ ಎಂದರು. ತಂಗಿ ಅವತ್ತಿನಿಂದ ಬಚ್ಚಲಲ್ಲೂ ಊರುಗಳ ಹೆಸರು ಹೇಳಿಕೊಳ್ಳುತ್ತಿದ್ದಳು.

ಸಾಹೇಬರು ಬಂದ ದಿನ ಪೂಜೆಗೆಂದು ಸ್ಕೂಲಿಗೆ ನಮ್ಮ ಅಂಗಡಿಯಿಂದಲೇ ಸಾಂಬ್ರಾಣಿ ಹೋಗಬೇಕಿತ್ತು. ತೆಗೆದುಕೊಂಡು ಹೋದವನು ನಾನು. ವರಾಂಡದಲ್ಲಿ, ಬಾಗಿಲ ಬೆಂಚಿಗೆ ಕೈಯಳತೆಯಲ್ಲಿ ನಿಂತೆ. ಇನ್‌ಸ್ಪೆಕ್ಟರ್ ಸಾಹೇಬರು ಜರಿ ಪೇಟದವರು, ಮೆತ್ತಗಿನ ಮಾತು. ಯಾವುದಾದರೂ ಒಂದು ನಗರದ ಚರಿತ್ರೆಯನ್ನು ನಿನ್ನದೇ ಮಾತಿನಲ್ಲಿ ಇಂಗ್ಲಿಷಿನಲ್ಲಿ ಹೇಳು ಎಂದು ತಂಗಿಯನ್ನು ಕೇಳಿದರು.

ಅವಳು ಎದ್ದು ರೋಮ್ ಹೇಳಿದಳು. ಒಂದು ಕ್ರಿಯಾಪದ ತಪ್ಪಲಿಲ್ಲ. ಕಟ್ಟಿದರು, ಬಿದ್ದಿತು, ಎದ್ದಿತು, ಎಲ್ಲ ಒನಕೆ ಏಟಿನ ಹಾಗೆ ನೆಟ್ಟಗೆ ಬಂದವು. ಸಾಹೇಬರು ಮೊದಲು ತಲೆದೂಗುತ್ತಿದ್ದರು. ಎಮ್ಮೆ ಬಂದ ಕಡೆ ತಲೆ ನಿಂತಿತು. ಹೆಡ್‌ಮೇಷ್ಟ್ರ ಮುಖ ನೋಡಿದರು. ಹೆಡ್‌ಮೇಷ್ಟ್ರು ಪುಸ್ತಕದ ಹಾಳೆ ತಿರುವಿದರು.

“ಇರಲಿ. ವೆನಿಸ್ ಹೇಳಮ್ಮ,” ಎಂದರು ಸಾಹೇಬರು. ಅವಳಿಗೆ ಇನ್ನೊಂದು ಅವಕಾಶ ಕೊಡುವ ಮನಸ್ಸಿನಿಂದಲೇ ಕೇಳಿದ್ದು. ಅವಳು ಜಗಳಗಂಟ ನೀರುಗಂಟಿಯನ್ನೂ ಕಿತ್ತ ತೂಬನ್ನೂ ಹೇಳಿದಳು. ಇಂಗ್ಲಿಷ್ ಸಾಲದೆ ಬಂದಾಗ ತೂಬಿಗೆ ತೂಬು ಎಂದೇ ಹೇಳಿದಳು. ಹುಡುಗರ ಬೆಂಚಿನಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ.

“ಇದು ಯಾವ ಪುಸ್ತಕದಲ್ಲಿದೆ ಮಗು? ಯಾರು ಹೇಳಿಕೊಟ್ಟರು?” ಎಂದರು ಸಾಹೇಬರು. ಗದರಲಿಲ್ಲ.

ತಂಗಿ ನನ್ನ ಕಡೆ ತಿರುಗಿದಳು. ನನ್ನ ಕೈಯಲ್ಲಿ ಸಾಂಬ್ರಾಣಿಯ ಪೊಟ್ಟಣ. ಒಂದೇ ಮಾತು ಸಾಕಿತ್ತು. ನಾನು ನೆಲ ನೋಡಿದೆ.

“ಯಾರೂ ಇಲ್ಲ ಸಾ. ನಾನೇ ಕಟ್ಟಿದ್ದು,” ಎಂದಳು.

ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಾನು ಅಂಗಡಿಗೆ ಬಂದೆ.

ಸಂಜೆ ಹೆಡ್‌ಮೇಷ್ಟ್ರು ಬಂದು ಅಂಗಡಿಯ ಬೆಂಚಿನ ಮೇಲೆ ಕುಳಿತರು. ಅಪ್ಪಾಜಿ ನೀರು ಬೆಲ್ಲ ತರಿಸಿದರು.

“ಹುಡುಗಿ ಚುರುಕು, ಇಲ್ಲ ಅನ್ನೋದಿಲ್ಲ. ವ್ಯಾಕರಣ ನನ್ನ ಹುಡುಗರಿಗಿಂತ ಚೆನ್ನಾಗಿದೆ. ಆದರೆ ಪಾಠ ಓದದೆ ಕತೆ ಕಟ್ಟುತ್ತಾಳೆ. ಆ ಚಾಳಿ ಹಾಸನದಲ್ಲಿ ನಡೆಯೋದಿಲ್ಲ. ಇನ್ನೊಂದು ವರ್ಷ ಇದೇ ತರಗತೀಲಿ ಕೂರಲಿ,” ಎಂದರು.

“ಏನು ಕತೆ ಕಟ್ಟುದ್ಲು ಸ್ವಾಮಿ?”

“ರೋಮ್ ಕಟ್ಟಿದೋರು ಎಮ್ಮೆ ಹಾಲು ಕುಡಿದರಂತೆ.”

ಅಪ್ಪಾಜಿ ಲೋಟವನ್ನು ಕೆಳಗಿಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದರು. ಮೂರು ಸಂತೆಯಲ್ಲಿ ತಾವೇ ಹೇಳಿಕೊಂಡು ಬಂದ ಕತೆ. ನಾನು ಮೇಷ್ಟ್ರ ಮನೆಗೆ ಅತಿಮಧುರ ಕಟ್ಟುತ್ತಿದ್ದೆ. ಅಪ್ಪಾಜಿ ಕಾದರು. ಈಗ ಯೋಚಿಸಿದರೆ ಬಹಳ ಹೊತ್ತು ಕಾದರು. ನಾನು ನಾರು ಸುತ್ತಿ, ಗಂಟು ಹಾಕಿ, ಪೊಟ್ಟಣವನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಎದ್ದು ಹೋದರು.

“ಎರಡ್ನೇ ಗಂಟು ಹಾಕ್ನಿಲ್ಲ ನೀನು,” ಎಂದರು ಅಪ್ಪಾಜಿ. ಅತಿಮಧುರ ಅಸಲೇ ಇತ್ತು. ಅವರು ಹೇಳಿದ್ದು ಅದರ ಬಗ್ಗೆ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. “ಓಗಿ ಯೋಳಿ ಬಾ. ಮೇಷ್ಟ್ರು ಇನ್ನೂ ಬೀದಿ ದಾಟಿಲ್ಲ.”

“ನಾಳೆ ಓಯ್ತೀನಿ,” ಎಂದೆ.

ಮರುದಿನ ಕೊಣನೂರು ಸಂತೆ. ಅದರ ಮರುದಿನ ಏನೋ ಕೆಲಸ. ಅಪ್ಪಾಜಿ ಇನ್ನೊಂದು ಸಲ ಹೇಳಲಿಲ್ಲ. ಮಗ ತಾನಾಗಿ ಹೋಗಲಿ ಎಂದು ಕಾದರೋ, ಹೆಣ್ಣುಮಗಳು ಇನ್ನೊಂದು ವರ್ಷ ಮನೆಯಲ್ಲಿದ್ದರೆ ಅವ್ವನಿಗೆ ಸಮಾಧಾನ ಎಂದುಕೊಂಡರೋ, ನನಗೆ ತಿಳಿಯದು. ಎಮ್ಮೆ ಹಾಲಿನ ಕತೆಯನ್ನು ಮಾತ್ರ ಸಂತೆಯಲ್ಲಿ ಮತ್ತೆ ಹೇಳಲಿಲ್ಲ. ತಂಗಿಯೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಬೇಸಿಗೆ ರಜಾ ಕಳೆದ ಮೇಲೆ ಗುಮಾಸ್ತರ ಮಗಳು ಹಾಸನಕ್ಕೆ ಹೋದಳು. ನನ್ನ ತಂಗಿ ಅದೇ ಬಾಗಿಲ ಬೆಂಚಿನ ಮೇಲೆ ಒಬ್ಬಳೇ ಕುಳಿತಳು.

ಇಷ್ಟನ್ನು ನಾನು ಎಷ್ಟೋ ಸಲ ಮನಸ್ಸಿನೊಳಗೇ ಒಪ್ಪಿಕೊಂಡಿದ್ದೇನೆ. ಹೆದರಿದೆ, ನಾಚಿದೆ, ಬಾಯಿ ಬರಲಿಲ್ಲ ಎಂದು. ಅದು ಪೂರ್ತಿ ನಿಜವಲ್ಲ. ಹೇಳದೆ ಉಳಿದದ್ದು ಬೇರೆ ಇದೆ.

ಆ ವರ್ಷ ನನಗೆ ಬಹಳ ಸುಖವಾಗಿತ್ತು.

ಸಾಮಾನು ತರಲು ಹಾಸನಕ್ಕೆ ಹೋದಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಡಿಕ್ಷನರಿ ಕೊಂಡೆ. ರಟ್ಟನ್ನು ಗೆದ್ದಲು ತಿಂದಿತ್ತು, ಒಳಗಿನ ಹಾಳೆ ಚೆನ್ನಾಗಿತ್ತು. ಅದನ್ನು ಸಾಂಬ್ರಾಣಿ ಡಬ್ಬದ ಪಕ್ಕದಲ್ಲಿ ಇಟ್ಟೆವು. ಎಷ್ಟೋ ದಿನ ಹಾಳೆ ತಿರುವಿದರೆ ಪೂಜೆಯ ವಾಸನೆ ಬರುತ್ತಿತ್ತು. ತಂಗಿ ಮೊದಲು ತೆಗೆದದ್ದು ರೋಮಿನ ಆ ಪ್ರಾಣಿಯನ್ನು.

“ತೋಳ ಕಣಣ್ಣ,” ಎಂದಳು. “ಹೆಣ್ಣು ತೋಳ.”

“ತೋಳ ಕೂಸಿಗೆ ಹಾಲು ಕೊಡ್ತದಾ? ಪುಸ್ತಕ ಬರ್ದೋನಿಗೂ ನನ್ನಂಥ ಅಣ್ಣ ಇದ್ದ ಅಂತ ಕಾಣ್ತದೆ,” ಎಂದೆ.

ಅವಳು ನಕ್ಕಳು. ನಕ್ಕಳೆಂದು ನಾನು ಎಲ್ಲ ಸರಿಹೋಯಿತು ಎಂದುಕೊಂಡೆ.

ಮತ್ತೆ ಮೊದಲಿನಿಂದ ಎಲ್ಲ ಊರುಗಳನ್ನೂ ಓದಿದೆವು. ಈ ಸಲ ಒಂದು ಪದವನ್ನೂ ಬಿಡಲಿಲ್ಲ. ಲಂಡನ್ನಿನಲ್ಲಿ ಹೊತ್ತಿಕೊಂಡದ್ದು ಪುರಿಭಟ್ಟಿಯಲ್ಲ, ಬ್ರೆಡ್ಡು ಸುಡುವವನ ಒಲೆ. ವೆನಿಸ್ಸಿನಲ್ಲಿ ನೀರುಗಂಟಿ ಇರಲೇ ಇಲ್ಲ. ಕೊಚ್ಚೆ ನೆಲದಲ್ಲಿ ಮರದ ಗೂಟ ಹೂತು ಅವುಗಳ ಮೇಲೆ ಊರು ಕಟ್ಟಿದ್ದರು. ಇದು ನನ್ನ ಕತೆಗಿಂತ ನಂಬಲು ಕಷ್ಟವಾದದ್ದು. ಕಾನ್‌ಸ್ಟಾಂಟಿನೋಪಲ್ಲಿಗೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರು. ರಜಾ ದಿನ ಅವಳೂ ಸಂತೆಯ ಗಾಡಿ ಹತ್ತುವಳು. ಎತ್ತುಗಳು ತಮ್ಮ ಪಾಡಿಗೆ ನಡೆಯುವಾಗ ನಾವು ಹೋಲಿಕೆಯ ಪದಗಳನ್ನು ಕಲಿತೆವು. ಶಾಂತಿಗ್ರಾಮದ ಸಂತೆ ಬಿಗ್, ಅರಕಲಗೂಡಿನದು ಬಿಗ್ಗರ್, ಚನ್ನರಾಯಪಟ್ಟಣದ್ದು ಬಿಗ್ಗೆಸ್ಟ್. “ನಮ್ಮೆತ್ತು ಸ್ಲೋ, ಮುಂದಿನ ಗಾಡಿ ಎತ್ತು ಸ್ಲೋವರ್, ನಮ್ಮಣ್ಣ ಸ್ಲೋವೆಸ್ಟ್,” ಎಂದು ಅವಳು. ಕೊಣನೂರಿನಲ್ಲಿ ವ್ಯಾಪಾರ ಮುಗಿಸಿ ಕಾವೇರಿ ದಡದಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ ತಿನ್ನುತ್ತ, ಲಂಡನ್ನಿನ ಹೊಳೆ ಇದಕ್ಕಿಂತ ಅಗಲವೋ ಅಲ್ಲವೋ ಎಂದು ವಾದ ಮಾಡಿದ್ದು ನೆನಪಿದೆ. ಓದು ಬಿಟ್ಟ ಮೇಲೆ ನಾನು ಅಷ್ಟು ಓದಿದ್ದು ಆ ಒಂದು ವರ್ಷ. ಅಂಗಡಿಯ ಒಳಗೆ ಕೂತು ಇಡೀ ಭೂಮಿ ನೋಡುತ್ತಿದ್ದೇನೆ ಅನ್ನಿಸುತ್ತಿತ್ತು.

ಅವಳು ಹಾಸನಕ್ಕೆ ಹೋಗಿದ್ದರೆ ಇದು ಯಾವುದೂ ನನಗೆ ಸಿಗುತ್ತಿರಲಿಲ್ಲ. ಹೆಡ್‌ಮೇಷ್ಟ್ರು ಬೆಂಚಿನ ಮೇಲೆ ಕುಳಿತಿದ್ದ ಆ ಸಂಜೆಯೇ ನನಗೆ ಇದು ಹೊಳೆದಿತ್ತು. ಪೊಟ್ಟಣದ ನಾರು ಸುತ್ತುವಾಗ ಮನಸ್ಸಿನ ಒಂದು ಮೂಲೆ, ‘ಇನ್ನೊಂದು ವರ್ಷ’ ಎಂದು ಸಂತೋಷಪಟ್ಟಿತ್ತು. ಬಾಯಿ ಬಾರದೆ ಇದ್ದದ್ದಕ್ಕೆ ಅದೂ ಕಾರಣ. ಇದನ್ನೇ ನಾನು ಯಾರಿಗೂ ಹೇಳಿರಲಿಲ್ಲ.

ಮುಂದಿನ ಸಲ ಅವಳು ಎಲ್ಲರಿಗಿಂತ ಚೆನ್ನಾಗಿ ಪಾಸಾದಳು. ಹಾಸನಕ್ಕೆ ಹೋದಳು, ಓದಿದಳು, ಮೇಷ್ಟ್ರ ತರಬೇತಿ ಮುಗಿಸಿದಳು. ಯುದ್ಧ ನಡೆಯುತ್ತಿದ್ದ ಕಾಲಕ್ಕೆ ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಉಪಾಧ್ಯಾಯಿನಿಯಾದಳು. ಆಗ ಪೇಪರಿನಲ್ಲಿ ಬರುತ್ತಿದ್ದದ್ದೆಲ್ಲ ನಮ್ಮ ರೀಡರಿನ ಊರುಗಳೇ. ಅಂಗಡಿಗೆ ಬಂದವರು, “ಏನಪ್ಪಾ, ನಿಮ್ಮ ಲಂಡನ್ ಮೇಲೆ ಬಾಂಬು ಬಿತ್ತಂತೆ,” ಎನ್ನುವರು, ಅಲ್ಲಿ ನಮ್ಮದೊಂದು ಅಂಗಡಿ ಇದ್ದ ಹಾಗೆ. ಒರಳಿನ ಮುಂದೆ ನಿಂತು ಕುಟ್ಟಿದ ಊರುಗಳು ನಿಜವಾಗಿ ಸುಡುತ್ತಿವೆ ಎಂದು ಓದಿದಾಗ ಕೈ ನಿಲ್ಲುತ್ತಿತ್ತು. ಆ ಊರುಗಳ ಬಗ್ಗೆ ಮಾತಾಡಲು ನನಗೆ ಇದ್ದವಳು ಅವಳೊಬ್ಬಳೇ. ಚನ್ನರಾಯಪಟ್ಟಣದ ಸಂತೆ ಮುಗಿಸಿ ಅವಳ ಮನೆಗೆ ಹೋಗಿ ಊಟ ಮಾಡಿ ಬರುವುದು ವಾಡಿಕೆಯಾಯಿತು.

ಒಂದು ಸಂತೆಯ ದಿನ ಬೇಗ ಹೋದೆ. ಸ್ಕೂಲು ಬಿಟ್ಟಿರಲಿಲ್ಲ. ಕಿಟಕಿಯ ಹೊರಗೆ ಹೊಂಗೆ ಮರದ ಕೆಳಗೆ ನಿಂತೆ. ಒಳಗೆ ಅವಳು ಹೇಳುತ್ತಿದ್ದಳು.

“ಗೊಂಡೋಲ ಅಂದ್ರೆ ಉದ್ದನೆ ದೋಣಿ. ನೀವು ನೋಡಿಲ್ಲ, ನಾನೂ ನೋಡಿಲ್ಲ. ಸದ್ಯಕ್ಕೆ ನಮ್ಮ ಹರಿಗೋಲು ಅಂದ್ಕೊಳ್ಳಿ. ಆದ್ರೆ ಹರಿಗೋಲು ಗುಂಡಗಿರ್ತದೆ, ಇದು ಗುಂಡಗಿಲ್ಲ. ಬದಲಿ ಅಂತ ಜ್ಞಾಪಕ ಇರ್ಲಿ.”

ನನಗೆ ಆ ಮರದ ಕೆಳಗೆ ನಿಲ್ಲಲಾಗಲಿಲ್ಲ. ಹೋಗಿ ಅವಳ ಮನೆಯ ಜಗಲಿಯ ಮೇಲೆ ಕುಳಿತೆ. ಅವಳು ಬಂದು, ಕೈಕಾಲು ತೊಳೆದು, ತಟ್ಟೆ ಹಾಕಿದಳು. ಮುದ್ದೆ ಮುರಿಯುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಸ್ಕೂಲಿನ ವರಾಂಡದಲ್ಲಿ ಸುಮ್ಮನಿದ್ದದ್ದು, ಅಪ್ಪಾಜಿ ಹೋಗು ಎಂದರೂ ಹೋಗದೆ ಇದ್ದದ್ದು, ಅವಳು ಉಳಿದುಕೊಂಡಳು ಎಂದು ನನಗೆ ಖುಷಿಯಾದದ್ದು.

ಅವಳು ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದಳು.

“ನೀನು ಸುಮ್ನಿದ್ದದ್ದು ನಂಗೆ ಅವತ್ತೇ ಗೊತ್ತಲ್ಲಣ್ಣ. ಹೆದ್ರಿದ್ದೆ ಅಂದ್ಕೊಂಡಿದ್ದೆ. ಖುಷಿಯಾಗಿದ್ದೆ ಅಂತ ಗೊತ್ತಿರ್ಲಿಲ್ಲ.”

“ನೀನೂ ನಗ್ತಾ ಇದ್ದೆ ಕಣವ್ವ, ಆ ವರ್ಷವೆಲ್ಲ.”

“ನಗ್ತಿದ್ದೆ. ಅಂಗಡಿ ಒಳಗೆ ಕೂತಾಗ ಚೆನ್ನಾಗೇ ಇತ್ತು, ಸುಳ್ಳಲ್ಲ.” ಸಾರು ಬಡಿಸಿದಳು. “ಸ್ಕೂಲಿಗೆ ಹೋಗೋವಾಗ ಗುಮಾಸ್ತರ ಬೀದಿ ಬಿಟ್ಟು ಹೊಳೆ ದಾರಿ ಸುತ್ಕೊಂಡು ಹೋಗ್ತಿದ್ದೆ. ಅವ್ರ ಮನೇವ್ರು ಯಾರಾದ್ರೂ ಸಿಕ್ಕಿ, ನಮ್ಮುಡ್ಗಿ ಹಾಸನದಲ್ಲಿ ಅಂಗೆ, ಹಿಂಗೆ ಅಂದ್ರೆ ಏನ್ ಹೇಳ್ಲಿ ಅಂತ. ಹುಡುಗ್ರು ನನ್ನ ನೋಡ್ದಾಗೆಲ್ಲ ಎಮ್ಮೆ ಥರ ಕೂಗ್ತಿದ್ರು. ಇಡೀ ವರ್ಷ.”

ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೆವು, ದಿನವೂ ಒಂದೇ ಪುಸ್ತಕ ಓದುತ್ತಿದ್ದೆವು, ಅವಳು ಯಾವ ದಾರಿಯಲ್ಲಿ ಸ್ಕೂಲಿಗೆ ಹೋಗುತ್ತಾಳೆಂದು ನಾನು ನೋಡಿರಲಿಲ್ಲ.

“ಇನ್ನೊಂದು ವರ್ಷ ಇರು ಅಂತ ನೀನು ಕೇಳಿದ್ರೆ ಇರ್ತಿದ್ನೋ ಏನೋ,” ಎಂದಳು. “ಕೇಳ್ಬೇಕಾಗಿತ್ತು ನನ್ನ.”

ಆಮೇಲೆ ಇಬ್ಬರೂ ಉಂಡೆವು. ಕೈ ತೊಳೆಯುವಾಗ ಹೇಳಿದಳು, “ಹೆಡ್‌ಮೇಷ್ಟ್ರು ಪಿಂಚಣಿ ಮೇಲೆ ಶಾಂತಿಗ್ರಾಮದಲ್ಲವ್ರೆ. ನಂಗೆ ಹೇಳಿದ್ದು ಆಯ್ತು. ಅವ್ರಿಗೂ ಹೇಳ್ಬುಟ್ಟು ಬಾ. ಅವ್ರಿನ್ನೂ ನನ್ನ ಕತೆ ಕಟ್ಟೋಳು ಅಂತ್ಲೇ ತಿಳ್ಕೊಂಡವ್ರೆ.”

ಈ ಸಲ ನಾಳೆ ಎನ್ನಲಿಲ್ಲ. ಗಾಡಿಯನ್ನು ಆಳಿನ ಜೊತೆ ಊರಿಗೆ ಕಳಿಸಿ, ಹಾಸನದ ಕಡೆ ಹೋಗುವ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿದೆ. ದಾರಿಯ ಏರಿನಲ್ಲಿ ಬಸ್ಸು ಉಸಿರು ಬಿಟ್ಟು ನಿಂತಾಗ ಎಲ್ಲರೂ ಇಳಿದು ತಳ್ಳಿದೆವು. ಶಾಂತಿಗ್ರಾಮ ಮುಟ್ಟುವಾಗ ಮುಖವೆಲ್ಲ ಮಸಿ. ಹೆಡ್‌ಮೇಷ್ಟ್ರು ಹಿತ್ತಲಿನಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದರು. ಅಂಗಡಿಯ ಹೆಸರು ಹೇಳಿದ ಮೇಲೆ ಗುರುತು ಹಿಡಿದರು.

“ಓ, ಎಮ್ಮೆ ಹುಡುಗಿ ಅಣ್ಣ ಅಲ್ಲವೇನಯ್ಯ ನೀನು?” ಎಂದರು ನಗುತ್ತ.

“ಎಮ್ಮೆ ನಂದು ಸಾ,” ಎಂದೆ. “ಅವಳು ಕಟ್ಟಿದ್ದಲ್ಲ. ನಾನು ಹೇಳ್ಕೊಟ್ಟಿದ್ದು. ಅವತ್ತು ನಾನು ಬಾಗ್ಲಲ್ಲೇ ನಿಂತಿದ್ದೆ.”

ಅವರು ಹುಲ್ಲಿನ ಕಂತೆ ಹಿಡಿದುಕೊಂಡೇ ನನ್ನನ್ನು ನೋಡಿದರು.

“ನೀರುಗಂಟಿ?”

“ಅವನೂ ನಾನೇ ಸಾ.”

ಅವರು ಕರುವಿನ ಮುಂದೆ ಹುಲ್ಲು ಬಿಡಿಸಿ ಹಾಕಿ, ಕೈ ಒದರಿಕೊಂಡು, ಕಲ್ಲಿನ ಮೇಲೆ ಕುಳಿತರು. ನಗು ಹೋಗಿತ್ತು. “ನನ್ನದೂ ಸರಿಯಲ್ಲ ಕಣಯ್ಯ,” ಎಂದರು. “ಅರ್ಥ ಮನೇಲಿ ನೋಡ್ಕೊಂಡು ಬನ್ನಿ ಅಂತಿದ್ದೆ. ಮನೇಲಿ ಯಾರಿದ್ದಾರೆ ಅಂತ ಕೇಳಿದ್ದಿಲ್ಲ.” ನಾನು ಹೊರಟಾಗ, “ಆ ಮಗು ಇಂಗ್ಲಿಷು ನೆಟ್ಟಗಿತ್ತು. ಹಾಗಂತ ಹೇಳು ಅವಳಿಗೆ. ನಾನು ಹೇಳಿದೆ ಅಂತ,” ಎಂದರು.

ಮುಂದಿನ ಸಂತೆಯ ದಿನ ಅದನ್ನು ಹೇಳಿದೆ. ಅವಳು ಕೇಳಿಕೊಂಡಳು. ತಟ್ಟೆ ಎತ್ತಿದ ಮೇಲೆ ಒಳಗಿನಿಂದ ಒಂದು ಪುಸ್ತಕ ತಂದಳು. ಆ ವರ್ಷ ಬದಲಾದ ಹೊಸ ರೀಡರು, ಚಿತ್ರಗಳೆಲ್ಲ ಇದ್ದವು. ನಾವು ಓದದ ಊರುಗಳು ಅದರಲ್ಲಿದ್ದವು.

“ಓದು,” ಎಂದಳು. “ನಾನು ಕೇಳ್ತೀನಿ.”

ಮೊದಲ ಪಾಠ ಕೈರೋ. ನಾಲ್ಕು ಸಾಲು ಸಲೀಸಾಗಿ ಹೋಯಿತು. ಐದನೇ ಸಾಲಿನಲ್ಲಿ ಒಂದು ಪದ ಅಡ್ಡ ಬಂತು. ಅವಳು ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು, ತಲೆ ಎತ್ತದೆ, “ಹಂಗಂದ್ರೇನಣ್ಣ?” ಎಂದಳು.

ಮುಂದೆ ಹಿಂದೆ ಇದ್ದ ಪದಗಳನ್ನು ನೋಡಿದೆ. ಹೊಂದುವ ಅರ್ಥ ಒಂದು ನಾಲಿಗೆಯ ತುದಿಗೇ ಬಂದಿತ್ತು.

“ಗೊತ್ತಿಲ್ಲ ಕಣವ್ವ,” ಎಂದೆ.

ಅವಳು ಎಲೆಗೆ ಸುಣ್ಣ ಹಚ್ಚುತ್ತಲೇ ಇನ್ನೊಂದು ಕೈಯಿಂದ ಡಿಕ್ಷನರಿಯನ್ನು ನನ್ನ ಕಡೆ ತಳ್ಳಿದಳು. ಗೆದ್ದಲು ತಿಂದ ರಟ್ಟಿನ ಅದೇ ಡಿಕ್ಷನರಿ. ಹಾಳೆ ತಿರುವಿದರೆ ಈಗಲೂ ಸ್ವಲ್ಪ ಸಾಂಬ್ರಾಣಿ ವಾಸನೆ ಬರುತ್ತಿತ್ತು.